ಎಡತೋಳಿನ ಬೆಳ್ಳಿ (ಕಂತು ಏಳು)

“ಅಕ್ಕಾರ, ಅದನ್ನರ ಗೀರಬ್ಯಾಡ್ರಿ. ಈ ಕಾರಿನ್ಯಾಗ ಗೀರು ಬೀಳದಂಗ ಉಳದದ್ದು ಅದೊಂದ ನೋಡ್ರಿ.”

ಗ್ಯಾರೇಜಿನ ಮುಜಮ್ಮಿಲ ಕೈ ಅಡ್ಡ ತರುವಷ್ಟರಲ್ಲಿ ಮಹೇಶ್ವರಿ ಸೆರಗಿನ ಪಿನ್ನು ಕಿತ್ತು, ಮೊನೆಯನ್ನು ಬಾಗಿಲ ಹಿಡಿಕೆಯ ಮೇಲೆ ಊರಿ, ಗೆರೆ ಎಳೆದಾಗಿತ್ತು. ಕಾರು ಓಡಿಸುವವರು ಕೂಡುವ ಬಲಗಡೆಯ ಬಾಗಿಲು ಅದು. ಒಳಗೆ ಕೂತು ಬಾಗಿಲು ಎಳೆದುಕೊಳ್ಳುವ, ಗೇಣುದ್ದದ ಪ್ಲಾಸ್ಟಿಕ್ ಹಿಡಿಕೆ.

ಬೆಳ್ಳಿ ಬಣ್ಣ ಸಿಪ್ಪೆಯಂತೆ ಎದ್ದಿತು. ಕೆಳಗೆ ಬೂದು ಬಣ್ಣ ಕಂಡಿತು.

“ಬೂದು,” ಎಂದಳು.

“ಪ್ರೈಮರ್ರೀ ಅದು. ಯಾವ ಬಣ್ಣದ ಬುಡಕೂ ಇರ್ತೈತಿ.”

ಅವಳು ನುಜ್ಜುಗುಜ್ಜಾದ ಕಾರನ್ನು ಸುತ್ತು ಹಾಕಿ ಎಡಗಡೆಗೆ ಹೋದಳು. ಆ ಬಾಗಿಲು ಒಂದೇ ಕೀಲಿನ ಮೇಲೆ ಜೋತಾಡುತ್ತಿತ್ತು. ಅಲ್ಲಿನ ಹಿಡಿಕೆಯ ಮೇಲೂ ಪಿನ್ನು ಎಳೆದಳು. ಬೆಳ್ಳಿಯ ಕೆಳಗೆ ಕಪ್ಪು. ತೊಳೆದ ಪಾಟಿಯಂತೆ ನುಣ್ಣಗೆ ಹೊಳೆಯುವ ಕಪ್ಪು.

“ಈಗ ಇದನ್ನ ಬೆರಳಿಲೆ ತಿಕ್ರಿ.”

ಮುಜಮ್ಮಿಲ ತಿಕ್ಕಿದ. ಬೆರಳ ತುದಿಗೆ ಬೆಳ್ಳಿ ಹತ್ತಿತು.

“ಇನ್ನ ಅದನ್ನ ತಿಕ್ರಿ.”

ಬಲಗಡೆಯದನ್ನು ತಿಕ್ಕಿದ. ಬೆರಳಿಗೆ ಏನೂ ಹತ್ತಲಿಲ್ಲ.

“ಎರಡೂ ಒಬ್ಬನಽ ಹಚ್ಚಿದ್ದಲ್ಲ,” ಎಂದ ಅವನು ನಿಧಾನವಾಗಿ. ಇಪ್ಪತ್ತು ವರ್ಷ ಕಾರುಗಳ ಹೊಟ್ಟೆಯೊಳಗೆ ಮಲಗಿ ಬಂದವನು, ಹೇಳಿಕೊಡಬೇಕಾಗಿರಲಿಲ್ಲ. “ಆದ್ರ ಅಕ್ಕಾರ, ಗುಜರಿಗೆ ಹೋಗೋ ಕಾರಿಗೆ ಯಾರು ಬಣ್ಣ ಹಚ್ತಾರ್ರೀ? ಹೆಣಕ್ಕ ಪೌಡರ್ ಬಡದಂಗ…”

ಅಂದವನೇ ನಾಲಿಗೆ ಕಚ್ಚಿಕೊಂಡ.

“ಕಚಗೋಬ್ಯಾಡ್ರಿ ನಾಲಿಗಿ. ನಾ ಕೇಳಾಕ ಬಂದದ್ದೂ ಅದನ್ನ.”

ಈ ಕಾರು ಒಂದು ಭಾನುವಾರ ಪಟ್ಟದಕಲ್ಲಿನ ರಸ್ತೆಯ ತಿರುವಿನಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳನ್ನು ಕೆಡವಿ, ಸೇತುವೆಯ ಕಟ್ಟೆಗೆ ಗುದ್ದಿ ನಾಲ್ಕು ತಿಂಗಳಾಗಿತ್ತು. ಹೆಂಗಸು ಅಲ್ಲೇ ಸತ್ತಳು. ಕಾರಿನಿಂದ ಹಾರಿ ಪಕ್ಕದ ಗಟಾರಕ್ಕೆ ಬಿದ್ದ ಸಂಗಮೇಶ, ಮಹೇಶ್ವರಿಯ ಗಂಡ, ದವಾಖಾನೆಯ ದಾರಿಯಲ್ಲಿ ಸತ್ತ. ಕಾರು ಅವನದು, ಸುತ್ತ ಬೇರೆ ಯಾರೂ ಇಲ್ಲ. ಓಡಿಸಿದವನೂ ಅವನೇ ಎಂದು ಬರೆದು ಪೊಲೀಸರು ಕಡತ ಮುಚ್ಚಿದರು. ಸತ್ತವನ ಮೇಲೆ ತಪ್ಪು ಹೊರಿಸುವುದು ಎಲ್ಲರಿಗೂ ಹಗುರ. ಅವನು ಎದುರು ಮಾತಾಡುವುದಿಲ್ಲ.

ಅವನ ಅಂಗಿ ಮಾತಾಡಿತ್ತು. ದವಾಖಾನೆಯವರು ಕೊಟ್ಟ ಬಟ್ಟೆಯ ಗಂಟನ್ನು ಬಿಚ್ಚಲು ಮಹೇಶ್ವರಿಗೆ ಮೂರೂವರೆ ತಿಂಗಳು ಬೇಕಾಯಿತು. ಆ ಭಾನುವಾರ ಅವನು ಇಸ್ತ್ರಿ ಮಡಿಕೆ ಮುರಿದು ಹಾಕಿಕೊಂಡ ಬಿಳಿ ಅಂಗಿ. ರಕ್ತ ಒಣಗಿ ಕಂದಾಗಿತ್ತು. ಎಡತೋಳಿನ ಹೊರಬದಿಗೆ ಮಾತ್ರ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆಳ್ಳಿಯ ಮಸಿ. ಬಲತೋಳಿಗೆ ಒಂದು ಚುಕ್ಕೆಯೂ ಇಲ್ಲ.

ಸ್ಟೇರಿಂಗ್ ಹಿಡಿದವನ ಬಲತೋಳು ಬಾಗಿಲಿಗೆ ಆತುಕೊಳ್ಳುತ್ತದೆ. ಎಡತೋಳು ಬಾಗಿಲಿಗೆ ತಾಗುವುದು ಪಕ್ಕದ ಸೀಟಿನವನಿಗೆ. ಕಾರಿನೊಳಗೆ ಸಂಗಮೇಶ ಬೆಳ್ಳಿ ಬಣ್ಣ ಹಚ್ಚಿದ್ದು ಬಾಗಿಲ ಹಿಡಿಕೆಗಳಿಗಷ್ಟೇ. ಗೇರಿನ ಸುತ್ತಲಿನ ಪಟ್ಟಿಯನ್ನು ಇನ್ನೂ ಮುಟ್ಟಿರಲಿಲ್ಲ. ಇದನ್ನೆಲ್ಲ ಠಾಣೆಯಲ್ಲಿ ಹೇಳಿದ್ದಳು. ಸಾಹೇಬರು ಅಂಗಿಯನ್ನು ಪೆನ್ನಿನ ತುದಿಯಿಂದ ಸರಿಸಿ, “ಬಣ್ಣ ಎಲ್ಲ್ಯಾರ ಹತ್ತತೈತಿ ತಂಗಿ, ಮನಿಗೆ ಹೋಗಿ ಆರಾಮ ತಗೋ” ಎಂದಿದ್ದರು.

ಆರಾಮ! ಆ ಪದ ನೆನಪಾದರೆ ಇವತ್ತಿಗೂ ಅವಳ ಕೈ ಬಿಗಿಯುತ್ತಿತ್ತು.

“ಕಾರು ಇಲ್ಲಿಗೆ ಬಂದ ಮ್ಯಾಲ ಯಾರ‍್ಯಾರು ನೋಡಾಕ ಬಂದಿದ್ರು, ಮುಜಮ್ಮಿಲಣ್ಣ?”

“ಭಾಳ ಮಂದಿ ಬಂದು ಹೋಗ್ಯಾರ್ರೀ. ಪೊಲೀಸರು ಬಂದ್ರು. ವಿಮಾದವ್ರು ಬಂದು ಫೋಟೋ ಹೊಡಕೊಂಡ್ರು. ನಿಮ್ಮ ಮನಿಮಂದಿ ಬಂದ್ರು. ಬಾದಾಮಿ ಶಿರೀಷ ಸರ್ ಒಮ್ಮಿ ಬಂದು ಒಳಗಿಂದ ಏನೋ ತಗೊಂಡು ಹ್ವಾದ್ರು.”

“ಶಿರೀಷ ಸರ್?”

“ಹೌದ್ರಿ. ಅರ್ಧಾ ತಾಸು ಕಾರಿನ್ಯಾಗ ಕುಂತಿದ್ರು. ನಾ ಚಹಾಕ್ಕ ಹೋಗಿದ್ದೆ.”

ಶಿರೀಷ ಸಂಗಮೇಶನ ಗೆಳೆಯ. ಬಾದಾಮಿಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವನು. ಆ ಭಾನುವಾರ ಪಟ್ಟದಕಲ್ಲಿಗೆ ಚಿತ್ರ ಬರೆಯಲು ಹೊರಟ ಸಂಗಮೇಶ ದಾರಿಯಲ್ಲಿ ಅವನ ಮನೆಗೆ ಹೋಗಿದ್ದ. ‘ಒಬ್ಬನೇ ಬಂದ, ಒಬ್ಬನೇ ಓಡಿಸಿಕೊಂಡು ಹೋದ’ ಎಂದು ಪೊಲೀಸರ ಮುಂದೆ ಬರೆದುಕೊಟ್ಟವನು ಇದೇ ಶಿರೀಷ. ಕಡತ ಮುಚ್ಚಿದ್ದು ಆ ಒಂದು ಸಾಲಿನ ಮೇಲೆ.

“ಈ ಬಲಗಡೆ ಹಿಡಿಕಿ ಬಿಚ್ಚಿ ಕೊಡ್ರಿ.”

“ಮಧ್ಯಾಹ್ನ ಗುಜರಿಯವ ಬರ್ತಾನ್ರೀ. ಲಗೂನ ಕಳಸ್ರಿ ಅಂತ ನಿಮ್ಮ ಮನ್ಯಾವ್ರಽ ಫೋನ್ ಮ್ಯಾಲ ಫೋನ್ ಹಚ್ಯಾರ.”

ಮಾವನವರಿರಬೇಕು ಎಂದುಕೊಂಡಳು. ಮಗನ ಕಾರು ಕಣ್ಣ ಮುಂದೆ ಇರುವುದು ಅವರಿಗೆ ಬೇಡವಾಗಿತ್ತು.

“ಗುಜರಿಯವ ಬಂದ್ರ, ಕಾರಿನ ಮಾಲಕಿ ಒಳಗ ಕುಂತಾಳ, ಆಕಿನ್ನೂ ಕೂಡೇ ತೂಗು ಅಂತ ಹೇಳ್ರಿ.”

ಮುಜಮ್ಮಿಲ ಸ್ಕ್ರೂ ಡ್ರೈವರ್ ತಂದ.

*

ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ಬಸ್ಸಿನಲ್ಲಿ ಹಿಡಿಕೆಯನ್ನು ಕರವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಸಂಗಮೇಶ ಡ್ರಾಯಿಂಗ್ ಮಾಸ್ತರ. ಹಳೆಯ ಕಾರು ಕೊಂಡ ದಿನದಿಂದ ಅದರ ಒಳಗಿನ ಮಂಕು ಪ್ಲಾಸ್ಟಿಕ್ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಕ್ರೋಮಿನಂತೆ ಹೊಳೆಯಬೇಕು ಎಂದ. ಅಂಗಡಿಗೆ ಕೊಡು ಎಂದರೆ, “ಮನ್ಯಾಗ ಡ್ರಾಯಿಂಗ್ ಮಾಸ್ತರನ್ನ ಇಟಗೊಂಡು ಹೊರಗ ಕೊಡೂದೇನಲೇ?” ಎಂದು ನಕ್ಕ. ನವನಗರದ ಮನೆಯ ಬಚ್ಚಲುಮನೆ ಎರಡು ತಿಂಗಳು ಅವನ ಕಾರ್ಖಾನೆಯಾಯಿತು. ಮೊದಲು ಅವಳ ಸೋಪಿನ ಡಬ್ಬಿ ಬೆಳ್ಳಿಯಾಯಿತು. ಆಮೇಲೆ ಟಿವಿ ರಿಮೋಟಿನ ಬೆನ್ನು. ಆಮೇಲೆ ಅವಳ ಬಾಚಣಿಕೆ. ಅದರಿಂದ ಬಾಚಿಕೊಂಡು ಕಾಲೇಜಿಗೆ ಹೋದ ದಿನ ಹುಡುಗಿಯರು, “ಮ್ಯಾಡಮ್ ಕೂದಲಾ ಹಣ್ಣಾಗ್ಯಾವು” ಎಂದು ಪಿಸುಗುಟ್ಟಿದ್ದರು.

ಮಹೇಶ್ವರಿ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವಳು. ಆ ಡಬ್ಬಿಯಲ್ಲಿರುವುದು ಕ್ರೋಮ್ ಅಲ್ಲ, ಲೋಹದ ನಯವಾದ ಪುಡಿ ಎಂದು ಅವಳೇ ಅವನಿಗೆ ಹೇಳಿದ್ದು. ಕೆಳಗಿನ ಮೈ ಕನ್ನಡಿಯಷ್ಟು ನುಣುಪಾಗಿದ್ದರೆ ಪುಡಿ ಅಂಗಾತ ಮಲಗುತ್ತದೆ, ಆಗಲೇ ಹೊಳಪು. ಅದಕ್ಕೇ ಅವನು ಪ್ಲಾಸ್ಟಿಕನ್ನು ನೀರು ಹಾಕಿ ವಾಟರ್ ಪೇಪರ್ ಎಂಬ ನಯವಾದ ಉಜ್ಜುಕಾಗದದಿಂದ ತಿಕ್ಕುತ್ತಿದ್ದ. ಪ್ರೈಮರ್ ಮೇಲೆ ಹೊಳೆಯುವ ಕಪ್ಪು ಹೊಡೆದು ಎರಡು ದಿನ ಬಿಡುತ್ತಿದ್ದ. ಆಮೇಲೆ ಬೆಳ್ಳಿ, ಕನ್ನಡಿಯ ಮೇಲೆ ಉಸಿರು ಬಿಟ್ಟಷ್ಟು ತೆಳ್ಳಗೆ. ಬಣ್ಣ ಹೊಡೆಯುವ ಮುಂಚೆ ಬಚ್ಚಲಿನ ನೆಲಕ್ಕೆ ಎರಡು ಕೊಡ ನೀರು ಸುರಿದು ಧೂಳು ಕೂರಿಸುತ್ತಿದ್ದ. “ಬಣ್ಣ ಹಸೀದಿದ್ದಾಗ ಮನಿ ಧೂಳಿಗೆಲ್ಲಾ ಅದರಾಗಽ ಸಂಸಾರ ಹೂಡೂ ಆಸೆ” ಎನ್ನುತ್ತಿದ್ದ.

ಮೇಲೆ ಪಾರದರ್ಶಕ ಕ್ಲಿಯರ್ ಹೊಡೆದರೆ ಬಣ್ಣ ಗಟ್ಟಿಯಾಗುತ್ತದೆಂದು ಅಂಗಡಿಯವನು ಒಂದು ಡಬ್ಬಿ ಕೊಟ್ಟಿದ್ದ. ಒಂದು ಸಲ ಹೊಡೆದು ನೋಡಿದ. ಕನ್ನಡಿಯಂಥ ಹೊಳಪು ಸತ್ತು, ಅಲ್ಯುಮಿನಿಯಂನ ಜರ್ಮನ್ ಪಾತ್ರೆಯ ಮಂಕು ಬಣ್ಣವಾಯಿತು. ಸಿಟ್ಟಿನಿಂದ ಆ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ದಪ್ಪಗೆ ‘ಬ್ಯಾಡ’ ಎಂದು ಬರೆದು ಮೂಲೆಗಿಟ್ಟ. ಅಂದಿನಿಂದ ಹಿಡಿಕೆಗಳು ಹಾಗೇ, ಬರಿಮೈಯಲ್ಲಿ. ಬಂದವರಿಗೆಲ್ಲ ಎಚ್ಚರಿಕೆ: “ಮುಟ್ಟಬ್ಯಾಡ್ರಿ, ಬೆರಳ ಗುರ್ತು ಹಂಗಽ ಕುಂದರತೈತಿ.”

ಈ ಹಿಡಿಕೆ ಜರ್ಮನ್ ಪಾತ್ರೆಯ ಬಣ್ಣದ್ದು. ಯಾರೋ ಇದನ್ನು ತಳದ ಪ್ರೈಮರ್ ಕಾಣುವವರೆಗೆ ತಿಕ್ಕಿ, ಕಪ್ಪು ಹಾಕದೆ ಬೆಳ್ಳಿ ಬಳಿದು, ಮೇಲೆ ಕ್ಲಿಯರ್ ಹೊಡೆದಿದ್ದರು. ಬೆರಳ ಗುರುತಿಗೆ ಹೆದರಿದವರು. ಹಾಗೇ ಬಿಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಮತ್ತು ‘ಬ್ಯಾಡ’ ಎಂದು ಬರೆದ ಆ ಡಬ್ಬಿ ಈಗ ಬಚ್ಚಲಿನ ಮೂಲೆಯಲ್ಲಿ ಇರಲಿಲ್ಲ.

ಶಿರೀಷ ಸಾವಿನ ಮನೆಗೆ ಐದಾರು ಸಲ ಬಂದಿದ್ದ. ಬಚ್ಚಲಿಗೂ ಹೋಗಿದ್ದ. ಅವಳು ಕರವಸ್ತ್ರದ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

*

ಶಾಲೆ ಮುಗಿಸಿ ಬಂದ ಶಿರೀಷ ಪಡಸಾಲೆಯ ಮೇಜಿನ ಮೇಲೆ ಶಾಸನದ ಪಡಿಯಚ್ಚು ಹರವಿಕೊಂಡು ಭೂತಗನ್ನಡಿ ಹಿಡಿದು ಕೂತಿದ್ದ. ಪಡುವಣ ಬಿಸಿಲು ಬಾಗಿಲಿನಿಂದ ಮೇಜಿನವರೆಗೆ ಬಂದಿತ್ತು.

“ಬರ್ರಿ ವೈನಿ. ಫೋನ್ ಮಾಡಿದ್ರ ನಾನೇ ಸ್ಟ್ಯಾಂಡಿಗೆ ಬರ್ತಿದ್ದೆ.”

“ಫೋನ್ ಮಾಡಿದ್ರ ನೀವು ಮನ್ಯಾಗ ಇರ್ತಿದ್ದಿಲ್ಲ.”

ಹಿಡಿಕೆಯನ್ನು ಪಡಿಯಚ್ಚಿನ ಮೇಲೆ ಕುಕ್ಕಿದಳು. ಹಳೆಯ ಅಕ್ಷರಗಳ ಕಾಗದ ಮುದುಡಿತು.

“ಇದು ನನ್ನ ಗಂಡನ ಕೈಕೆಲಸ ಅಲ್ಲ ಸರ್. ಯಾರೋ ಆಮ್ಯಾಲ ಹಚ್ಯಾರ. ಯಾಕ ಹಚ್ಚಿದ್ರಿ?”

“ನಾನಾ?”

“ಗ್ಯಾರೇಜಿನ್ಯಾಗ ಅರ್ಧಾ ತಾಸು ಕಾರಿನೊಳಗ ಕುಂತು ಏನು ಮಾಡಿದ್ರಿ? ಅವತ್ತು ಓಡಿಸಿದಾವ್ರು ನೀವು. ಒಂದ ಹೆಣ ರಸ್ತೆಮ್ಯಾಲ, ಒಂದ ಜೀವ ಗಟಾರದಾಗ ಬಿಟ್ಟು ಮನಿಗೆ ಬಂದು ಕೈ ತೊಳಕೊಂಡ್ರಿ.”

ಶಿರೀಷನ ಮುಖದಲ್ಲಿ ಕೋಪ ಬರಲಿಲ್ಲ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

“ವೈನಿ, ನನಗ ಸ್ಕೂಟರ್ ಸೈತ ಬೀಳದಂಗ ತೋಲ ಹಿಡೀಲಿಕ್ಕೆ ಬರೂದಿಲ್ಲ. ಊರಿಗೆಲ್ಲಾ ಗೊತ್ತದ.” ಎದ್ದು ಕಪಾಟಿನಿಂದ ಒಂದು ಪುಸ್ತಕ ತೆಗೆದು ಕೊಟ್ಟ. ಸಂಗಮೇಶನ ಚಿತ್ರದ ಪುಸ್ತಕ. “ಇದು ಗುಜರಿ ಪಾಲಾಗಬಾರದು ಅಂತ ಹೋಗಿದ್ದೆ. ತಗೊಂಡು ಬರ್ಲಿಕ್ಕೆ ಹೋದಾಂವಗ ಅಲ್ಲೇ ಅಳು ಬಂತು. ಅದಕ್ಕ ಅರ್ಧಾ ತಾಸು.”

ಅವಳು ಪುಸ್ತಕ ತೆರೆಯಲಿಲ್ಲ. ತೆರೆದರೆ ಸಿಟ್ಟು ಕರಗೀತು. ಸಿಟ್ಟೊಂದೇ ಅವಳನ್ನು ಈ ಹದಿನೈದು ದಿನ ನಡೆಸಿದ್ದು.

ಅಷ್ಟರಲ್ಲಿ ಒಳಗಿನಿಂದ ಶಿರೀಷನ ತಾಯಿ ತುಳಸೀಬಾಯಿ ಚಹಾದ ಕಪ್ಪು ಹಿಡಿದು ಬಂದರು. ಕಿವಿ ಸ್ವಲ್ಪ ಮಂದ. ಪಡಸಾಲೆಯಲ್ಲಿ ನಡೆದ ಮಾತು ಅವರಿಗೆ ಕೇಳಿಸಿರಲಿಲ್ಲ.

“ತಗೋವಾ ಮಹೇಶ್ವರಿ. ಎಷ್ಟು ಸೊರಗೀದಿ! ಸಕ್ಕರಿ ಕಮ್ಮಿ ಹಾಕೀನಿ, ನಿನ್ನ ಗಂಡಗೂ ಹಿಂಗಽ ಬೇಕಿತ್ತು. ಅವತ್ತು ಎರಡು ಕಪ್ಪು ಕುಡದ ನೋಡು. ತನ್ನದೊಂದು, ಆ ಇನ್ನೊಬ್ಬಂದೊಂದು.”

“ಅಮ್ಮಾ,” ಎಂದ ಶಿರೀಷ.

“ಇನ್ನೊಬ್ಬ ಯಾರ್ರೀ ಅಜ್ಜಿ?” ಮಹೇಶ್ವರಿ ದನಿ ಎತ್ತಿ, ಒಂದೊಂದೇ ಪದ ಬಿಡಿಸಿ ಕೇಳಿದಳು.

“ಯಾರೋ, ನನಗೇನು ಗೊತ್ತು? ಕಾರು ಬಿಟ್ಟು ಇಳೀಲಿಲ್ಲ. ಪಾಪ ಅಂತ ಕಾರಿನ ತನಕಾ ಚಹಾ ಒಯ್ದೆ. ನಾ ಚಹಾ ಕುಡಿಯಂಗಿಲ್ರಿ ಅಂದ. ಎರಡೂ ಕೈ ಸ್ಟೇರಿಂಗಿಗೆ ಅಂಟಿಸಿಕೊಂಡಾಂಗ ಕೂತಿದ್ದ, ಹೊಸದಾಗಿ ಕಲಿಯೂವ್ರು ಕೂಡ್ತಾರಲ್ಲ, ಹಂಗ. ನಿನ್ನ ಗಂಡ ಆ ಬಾಜೂ ಹತ್ತಿ ಕೂತು, ಬಿಡಲೇ ಬಿಡಲೇ ಕ್ಲಚ್ಚು ಅಂತ ನಗ್ತಿದ್ದ.”

“ಅಮ್ಮಾ, ಒಳಗ ಹೋಗು ನೀ.”

“ಯಾಕೋ? ಇದ್ದದ್ದು ಅಂದ್ರ ನಿನ್ನ ಗಂಟೇನು ಹೋತು?”

ಗೊಣಗುತ್ತ ಅವರು ಒಳಗೆ ಹೋದರು. ಮೇಜಿನ ಮೇಲೆ ಚಹಾ ಕೆನೆಗಟ್ಟತೊಡಗಿತು.

“ಒಬ್ಬನಽ ಬಂದ, ಒಬ್ಬನಽ ಹ್ವಾದ,” ಎಂದಳು ಮಹೇಶ್ವರಿ. “ಹಿಂಗ ಬರದುಕೊಟ್ರೆಲ್ಲ ನೀವು?”

“ಬರದುಕೊಟ್ಟೆ. ಸುಳ್ಳು ಬರದೆ.” ಶಿರೀಷ ತಲೆ ತಗ್ಗಿಸಿದ. “ಓಡಿಸಿದಾಂವ ಮರುದಿನ ನಸುಕಿನ್ಯಾಗ ಬಂದು ನನ್ನ ಕಾಲು ಹಿಡದ. ಹಣೀಗೆ ಗಾಯ, ಮೈಯೆಲ್ಲಾ ಮಣ್ಣು. ರಾತ್ರಿಯೆಲ್ಲಾ ಹೊಲದಾಗ ಕೂತಿದ್ದನಂತ. ಬನಶಂಕರಿ ಹೆಸರಿಲೆ ಮಾತು ತಗೊಂಡ. ಹೆಸರು ಕೇಳಬ್ಯಾಡ್ರಿ ವೈನಿ. ನಿಮ್ಮ ಸಲುವಾಗೇ ಮಾತು ಕೊಟ್ಟೀನಿ.”

“ನನ್ನ ಸಲುವಾಗಿ!”

ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

“ನನ್ನ ಗಂಡನ ಕೊರಳಿಗೆ ಒಂದು ಹೆಣ ಕಟ್ರಿ ಅಂತ ನಾ ನಿಮಗ ಹೇಳಿದ್ನೇನು? ಆ ಸತ್ತ ಹೆಣ್ಣಮಗಳ ಗಂಡ ಯಮನಪ್ಪ ನನ್ನ ಹೊಸ್ತಲದಾಗ ನಿಂತು ಏನಂದ, ನೆನಪೈತೇನು? ನಿನ್ನ ಗಂಡ ಸತ್ತು ಪಾರಾದ, ಬದುಕಿದ್ರ ನಾ ಕೇಳತಿದ್ದೆ ಅಂದ. ಅಂದು ಹೊಸ್ತಲದ ಮ್ಯಾಲ ಉಗುಳಿದ. ನೀವು ಅಲ್ಲೇ ಕುರ್ಚಿ ಮ್ಯಾಲ ಕುಂತಿದ್ರಿ. ಆ ಉಗುಳು ನಾ ಒರಸಿದೆ. ಈ ಕೈಲೆ ಒರಸಿದೆ. ಸಾವಿರದ ನಾನೂರು ವರ್ಷದ ಹಿಂದಿನ ರಾಜರ ಖರೆ ಹುಡುಗರಿಗೆ ಹೇಳ್ತೀರಿ. ನಾಕ ತಿಂಗಳ ಹಿಂದಿನ ಖರೆ ಹೇಳಾಕ ನಾಲಿಗಿ ಹೊರಳಂಗಿಲ್ಲ?”

ಶಿರೀಷ ಬಿದ್ದ ಕುರ್ಚಿಯನ್ನು ಎತ್ತಿ ಇಟ್ಟ.

“ಹೆಸರು ಹೇಳಿದ್ರ ವೈನಿ, ನಿಮಗ ಹೋಗಲಿಕ್ಕೆ ಒಂದು ಮನಿನೂ ಉಳಿಯೂದಿಲ್ಲ.”

“ನನಗ ಮನಿ ಬ್ಯಾಡ. ಹೆಸರು ಬೇಕು. ಆ ಹೆಸರು ತಗೊಂಡು ಯಮನಪ್ಪನ ಹೊಸ್ತಲಕ್ಕ ಹೋಗಬೇಕು. ಉಗುಳೂದಿದ್ರ ಇವನ ಮ್ಯಾಲ ಉಗುಳಪಾ, ನನ್ನ ಗಂಡ ಕೊಂದಿಲ್ಲ ಅನ್ನಬೇಕು. ಅಷ್ಟಽ ಬೇಕು ನನಗ.”

ಹಿಡಿಕೆಯನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಬಿಸಿಲು ಈಗ ನೇರವಾಗಿ ಅದರ ಮೇಲೆ ಬಿದ್ದಿತ್ತು. ಹೊರಳಿಸಿದಾಗ ಒಳಬಾಗಿನಲ್ಲಿ, ಕ್ಲಿಯರಿನ ಪದರದೊಳಗೆ, ಕೆಂಪು ಚುಕ್ಕೆಯೊಂದು ಮಿನುಗಿತು.

ಗ್ಯಾರೇಜಿನ ಕತ್ತಲಲ್ಲಿ ಅದು ಕಂಡಿರಲಿಲ್ಲ. ಧೂಳು ಎಂದುಕೊಂಡಳು. ಉಗುರಿನಿಂದ ಕೆರೆದಳು. ಬರಲಿಲ್ಲ, ಗಾಜಿನಂಥ ಪದರದ ಕೆಳಗಿತ್ತು.

“ಆ ಕನ್ನಡಿ ಕೊಡ್ರಿ.”

ಭೂತಗನ್ನಡಿ ಹಿಡಿದಳು. ಚುಕ್ಕೆ ದಾರವಾಯಿತು. ಅಕ್ಕಿಕಾಳಿನಷ್ಟು ಉದ್ದದ ಎರಡು ತುಂಡು ದಾರ, ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ. ಒಂದು ಕೆಂಪು ರೇಷ್ಮೆ. ಇನ್ನೊಂದು ಹಸಿರು ಹತ್ತಿ.

ಮಹೇಶ್ವರಿ ಕನ್ನಡಿಯನ್ನು ಕೆಳಗಿಡಲಿಲ್ಲ.

*

ಬೇರೆ ಯಾರು ನೋಡಿದ್ದರೂ ಅದು ಕಸ. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಅದು ಕೊಂಡಿ.

ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕುಣಿಕೆ ಹಾಕಿ ಸೇರಿಸಬೇಕು. ಅದೇ ಕೊಂಡಿ. ಒಂದು ಸೀರೆಗೆ ಸಾವಿರಗಟ್ಟಲೆ. ತಪ್ಪಿದ್ದನ್ನು ಕತ್ತರಿಸಿ ಮತ್ತೆ ಹಾಕುತ್ತಾರೆ. ಕತ್ತರಿಸಿದ ಚೂರು ಮನೆಯೆಲ್ಲ ಹಾರಾಡುತ್ತದೆ. ಊಟದ ತಾಟಿನಲ್ಲಿ ಸಿಗುತ್ತದೆ, ತಲೆಗೂದಲಲ್ಲಿ ಸಿಗುತ್ತದೆ. ಶಾಲೆಯಲ್ಲಿ ಅವಳ ಜಡೆಯಿಂದ ಗೆಳತಿಯರು ಅದನ್ನು ಹೆಕ್ಕಿ ತೆಗೆಯುತ್ತಿದ್ದರು.

ಇಳಕಲ್ಲಿನಲ್ಲಿ ಮಗ್ಗದ ಮನೆಗಳಿಗೆ ಬರವಿಲ್ಲ. ಯಾರ ಮನೆಯದೂ ಆಗಿರಬಹುದು. ಬೇರೆಯವರ ಮನೆಯದೇ ಆಗಿರಲಿ ಎಂದು ಬೇಡಿಕೊಳ್ಳುತ್ತ ಅವಳು ಕನ್ನಡಿಯನ್ನು ಇನ್ನಷ್ಟು ಹತ್ತಿರ ತಂದಳು.

ಕುಣಿಕೆ ಹಾಕಿದ ಮೇಲೆ ತುದಿಯನ್ನು ಬೆರಳ ನಡುವೆ ಹೊಸೆಯಬೇಕು. ಎಲ್ಲರೂ ಬಲಗೈಯಲ್ಲಿ ಹೊಸೆಯುತ್ತಾರೆ. ಹೊಸೆತ ಒಂದೇ ಕಡೆಗೆ ತಿರುಗಿರುತ್ತದೆ. ಅವಳ ತವರಿನ ಓಣಿಯಲ್ಲಿ ಒಬ್ಬಳು ಮಾತ್ರ ಎಡಗೈಯವಳು. ಅವಳ ಹೊಸೆತ ಉಳಿದವರಿಗೆ ಉಲ್ಟಾ. ‘ಎಡಚಿ ಬಸಲಿಂಗವ್ವನ ಕೊಂಡಿ ಕತ್ತಲದಾಗೂ ಗುರ್ತು ಸಿಗತೈತಿ’ ಎಂದು ಹೆಂಗಸರು ಚೇಷ್ಟೆ ಮಾಡುತ್ತಿದ್ದರು.

ಈ ದಾರದ ಹೊಸೆತ ಉಲ್ಟಾ ಇತ್ತು.

ಬಸಲಿಂಗವ್ವ ಮಹೇಶ್ವರಿಯ ತಾಯಿ.

ಆಮೇಲೆ ಉಳಿದದ್ದೆಲ್ಲ ತಾನಾಗಿಯೇ ಒಂದಕ್ಕೊಂದು ಸಿಕ್ಕಿಕೊಂಡಿತು. ನವನಗರದ ಮನೆಯ ಎರಡನೆಯ ಕೀಲಿ ಇದ್ದದ್ದು ತವರಿನಲ್ಲಿ. ಅವಳು ಅಲ್ಲಿ ಹಾಸಿಗೆ ಹಿಡಿದು ಮಲಗಿದ್ದ ತಿಂಗಳು, “ನಾ ಹೋಗಿ ಮನಿ ಹಸನ ಮಾಡಿ ಬರ್ತೇನಿ” ಎಂದು ಹೋದವನು ಅಣ್ಣ ಸಂತೋಷಕುಮಾರ. ಠಾಣೆಯಿಂದ ಕಾರು ಬಿಡಿಸಿ ತಂದವನು ಅವನು; ಹಿಡಿಕೆ ಬಿಚ್ಚಿ ಇಳಕಲ್ಲಿಗೆ ಒಯ್ಯಲು, ಮತ್ತೆ ತಂದು ಕೂರಿಸಲು ಅವನಿಗೆ ಯಾರ ಅಡ್ಡಿಯೂ ಇರಲಿಲ್ಲ. ಮುಜಮ್ಮಿಲ ಹೇಳಿದ ‘ಮನಿಮಂದಿ’ಯ ಮೇಲೆ ಅವಳ ಕಿವಿ ನಿಲ್ಲದೆ ಶಿರೀಷನ ಹೆಸರಿಗೆ ಹಾರಿತ್ತು. ಅಣ್ಣನ ಹಣೆಯ ಗಾಯದ ಬಗ್ಗೆ ಕೇಳಿದಾಗ ಮಗ್ಗದ ಕಟ್ಟಿಗೆ ಬಡಿಯಿತು ಎಂದಿದ್ದ.

ಮತ್ತು ಅಣ್ಣ ಹುಟ್ಟಿದಾಗಿನಿಂದ ಚಹಾ ಮುಟ್ಟಿದವನಲ್ಲ.

“ವೈನಿ,” ಎಂದ ಶಿರೀಷ. ಅವಳ ಮುಖ ನೋಡಿಯೇ ಅವನಿಗೆ ಗೊತ್ತಾಗಿತ್ತು. “ಕೂಡ್ರಿ ಸ್ವಲ್ಪ. ನೀರು ತರ್ಲೇನು?”

ಅವಳು ಮೊಬೈಲ್ ತೆಗೆದಳು.

ಎರಡನೆಯ ರಿಂಗಿಗೆ ತಾಯಿ ಎತ್ತಿದಳು. ಹಿಂದೆ ಮಗ್ಗದ ಸದ್ದು, ಖಟ್ ಖಟಾ, ಖಟ್ ಖಟಾ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಹೆರಿಗೆಯ ಕೋಣೆಗೂ ಕೇಳುತ್ತಿತ್ತಂತೆ.

“ಯಾಕಬೇ ನನ್ನ ಕೂಸು, ಉಂಡಿ ಏನು?”

“ಮಗ್ಗದಾಗ ಯಾರು ಕುಂತಾರ ಅವ್ವಾ?”

“ನಿಮ್ಮ ಅಣ್ಣಽ. ಮತ್ಯಾರು?”

“ಅಣ್ಣಗ ಕಾರು ಓಡಸಾಕ ಕಲಸಿದಾವ್ರು ಯಾರು?”

ಖಟ್.

ಇನ್ನೊಂದು ಖಟಾ ಬರಲಿಲ್ಲ. ಮಗ್ಗ ಅರ್ಧಕ್ಕೆ ನಿಂತಿತು. ತಾಯಿಯ ಬಳೆಗಳ ಸದ್ದು ಮಾತ್ರ ಸಣ್ಣಗೆ ಬಂತು.

“ಅವಂಗ ಎಲ್ಲಿ ಓಡಸಾಕ ಬರ್ತೈತವ್ವಾ,” ಎಂದಳು ಬಸಲಿಂಗವ್ವ. ಆಮೇಲೆ ತಡೆಯಲಾಗದೆ, ಅಳುವಿನ ನಡುವೆ, “ಇನ್ನೂ ಪೂರಾ ಬರ್ತಿದ್ದಿಲ್ಲ.”

ತಾಯಿಗೆ ಗೊತ್ತಿತ್ತು. ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ತಟ್ಟುತ್ತಿದ್ದ ಆ ತಿಂಗಳು ಪೂರಾ ಗೊತ್ತಿತ್ತು. ಪಕ್ಕದ ಪಡಸಾಲೆಯಲ್ಲಿ ಈ ಹಿಡಿಕೆ ಒಣಗುತ್ತಿತ್ತು.

ಫೋನು ಕೈ ಬದಲಾಯಿತು.

“ಮಹೇಶಿ,” ಎಂದ ಸಂತೋಷಕುಮಾರ. “ಆ ಹಿಡಿಕಿ ನಿನ್ನ ಹತ್ರ ಐತೇನು?”

ಅವಳು ಹಿಡಿಕೆಯ ಮಾತೇ ಎತ್ತಿರಲಿಲ್ಲ.

“ಐತಿ. ನಿನ್ನ ಬೆರಳ ಗುರ್ತು ಅಳಸಿದಿ, ಅವ್ವನ ಬೆರಳ ಗುರ್ತು ಬಿಟ್ಟಿದಿ ನೋಡಣ್ಣಾ. ಬಾಜೂ ಕುಂತು ಕಲಸಿದಾಂವನ್ನ ಗಟಾರದಾಗ ಬಿಟ್ಟು ಓಡಿದಿ. ಹೋಗ್ಲಿ, ಅಂಜಿದ್ದಿ ಅನ್ನೂಣು. ಹನ್ನೊಂದನೇ ದಿನ ನನ್ನ ಎದುರಿಗೆ ಕುಂತು ಉಂಡೆಲ್ಲ, ಅದು ಹೆಂಗ ಗಂಟಲದಾಗ ಇಳೀತು ನಿನಗ?”

ಆ ಕಡೆ ಅವನು ಬಾಗಿಲು ಮುಚ್ಚಿದ ಸದ್ದಾಯಿತು.

“ನಾ ಈಗಽ ಯಮನಪ್ಪನ ಊರಿಗೆ ಹೊಂಟೇನಿ. ಇದನ್ನ ಅವನ ಮುಂದ ಇಟ್ಟು ನಿನ್ನ ಹೆಸರು ನನ್ನ ಬಾಯಿಲೆ ಹೇಳ್ತೇನಿ.”

“ಹೋಗಬ್ಯಾಡ.”

“ಅಂಜಿಕಿ ಬಂತೇನು?”

“ನನ್ನ ಸಲುವಾಗಿ ಅಲ್ಲ. ನಿನ್ನ ಸಲುವಾಗಿ ಹೇಳಾಕತ್ತೇನಿ.” ಅವನು ದನಿ ತಗ್ಗಿಸಿದ. “ಅವಂಗೇನು ಹೊಸಾದು ಹೇಳ್ತಿ ಮಹೇಶಿ? ಅವತ್ತು ಸ್ಟೇರಿಂಗಿನ ಬುಡಕ ಸಿಕ್ಕೊಂಡಿದ್ದೆ. ತನ್ನ ಹೆಂಡ್ತಿ ಅಲ್ಲೇ ಸತ್ತು ಬಿದ್ದಿದ್ರೂ ನನ್ನ ಹೊರಗ ಜಗ್ಗಿ, ಓಡಿ ಹೋಗು ಅಂದಾಂವ ಯಮನಪ್ಪನಽ.”